ಮೊದಲನೇ ‘ಬ್ಯಾಡ್ರಿ’

ನಮ್ಮ ಕಡೆ ಮೊದಲನೇ ‘ಬ್ಯಾಡ್ರಿ’ಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೇಸರಗಿಯಿಂದ ಯರಗಟ್ಟಿಯವರೆಗೆ ಯಾರ ಮನೆಗೆ ಬೇಕಾದರೂ ಹೋಗಿ ನೋಡಿ. ಚಹಾ ಬಂತು ಅಂದರೆ ಬಂದವರು ‘ಬ್ಯಾಡ್ರಿ, ಈಗರೆ ಕುಡದ ಬಂದೇವಿ’ ಅನ್ನಬೇಕು. ಮನೆಯವರು ‘ಹಂಗಂದ್ರ ಹ್ಯಾಂಗ್ರಿ’ ಅನ್ನಬೇಕು. ಬಂದವರು ಇನ್ನೊಮ್ಮೆ ಕೈ ಅಡ್ಡ ಹಿಡಿಯಬೇಕು. ಮೂರನೇ ಸಲಕ್ಕೆ ‘ಇಷ್ಟ ಅಂತೀರಿ, ಅರ್ಧಾ ಕಪ್ಪ ಕೊಡ್ರಿ’ ಅಂದು ತುಂಬಿದ ಕಪ್ಪನ್ನು ತಳ ಕಾಣುವವರೆಗೆ ಕುಡಿಯಬೇಕು. ಮೊದಲನೇ ಸಲಕ್ಕೇ ‘ಹೂಂ’ ಅಂದವನು ಹೊಟ್ಟೆಬಾಕ. ಮೊದಲನೇ ‘ಬ್ಯಾಡ’ಕ್ಕೇ ಕಪ್ಪನ್ನು ಒಳಗೆ ಒಯ್ದವರು ಜಿಪುಣರು, ಅಂಥ ಮನೆಗೆ ಹೆಣ್ಣು ಕೊಡಲಿಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ನಮ್ಮ ಕಾಕಾ ಬಾಯಿಯಿಂದ ‘ಬ್ಯಾಡ’ ಅನ್ನುತ್ತ ಕಣ್ಣನ್ನು ಮಾತ್ರ ಕಪ್ಪಿನ ಮೇಲೆ ನೆಟ್ಟಿರುವುದನ್ನು ನಾನು ಮಾಡಿ ತೋರಿಸಿದರೆ ಕಾಕಿ ಗೋಡೆ ಹಿಡಿದುಕೊಂಡು ನಗುತ್ತಾಳೆ, ಕಾಕಾ ಚಪ್ಪಲಿ ಹುಡುಕುತ್ತಾನೆ.

ನಾನು ಬೈಲಹೊಂಗಲದ ಪೇಟೆಯಲ್ಲಿ ಒಂದು ದಲಾಲರ ಅಡತಿ ಅಂಗಡಿಯ ಪರವಾಗಿ ಹತ್ತಿಯ ಲಿಲಾವು, ಅಂದರೆ ಹರಾಜು, ಕೂಗುವವನು. ಗಂಟಲೊಂದು ಬಿಟ್ಟರೆ ದೇವರು ಬೇರೇನೂ ಕೊಟ್ಟಿಲ್ಲ. ಎದೆ ನೋಡಿದರೆ ಬುಟ್ಟಿ ಬೋರಲು ಹಾಕಿದಂತಿದೆ. ಮೀಸೆಗೆ ಎಷ್ಟು ಸಲ ಬಾ ಅಂದರೂ ಅದು ಬ್ಯಾಡ್ರಿ ಅನ್ನುತ್ತದೆ. ಆ ಗಂಟಲಿನಿಂದಲೇ ಎಲ್ಲರ ದನಿ ತೆಗೆಯುತ್ತೇನೆ, ಒಮ್ಮೊಮ್ಮೆ ಏಟೂ ತಿನ್ನುತ್ತೇನೆ. ಸಾಹುಕಾರರ ಕೆಮ್ಮು, ಕಂಡಕ್ಟರನ ‘ಮುಂದ ಸರೀರಿ’, ಮಾಸ್ತರರು ನಶ್ಯ ಏರಿಸಿ ಸೀನುವ ಬಗೆ, ಕೇಳಿದ್ದನ್ನು ಸಂಜೆಯೊಳಗೆ ಯಾರ ಮುಂದಾದರೂ ಮಾಡದಿದ್ದರೆ ನನಗೆ ಊಟ ಸೇರುವುದಿಲ್ಲ. ಆದರೆ ಇದನ್ನು ನಗಿಸಲಿಕ್ಕೆ ಬರೆಯುತ್ತಿಲ್ಲ. ನಮ್ಮ ಅಕ್ಕನಿಗೆ ಆದದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ. ನಡುನಡುವೆ ನಗು ಬಂದರೆ ಅದು ನನ್ನ ಚಾಳಿ, ಬಿಡಲಿಕ್ಕೆ ಆಗದ್ದು.

ಅಕ್ಕ ನನಗಿಂತ ಸ್ವಲ್ಪ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೈದು, ಬಡಿದು, ತಲೆ ಬಾಚಿ ಸಾಲೆಗೆ ಕಳಿಸಿದವಳು ಅವಳೇ. ಯರಗಟ್ಟಿಗೆ ಕೊಟ್ಟಿದ್ದೆವು. ಗಂಡ ಲಾರಿ ಓಡಿಸುತ್ತಾನೆ. ಹತ್ತಿಯ ಅಂಡಿಗೆ ಹೇರಿಕೊಂಡು ಮುಂಬಯಿಯ ಕಡೆ ಹೋದನೆಂದರೆ ಯಾವಾಗ ತಿರುಗಿ ಬರುತ್ತಾನೆಂದು ಅವನಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ಅಕ್ಕ ಮತ್ತು ಅವಳ ಅತ್ತೆ ಇಬ್ಬರೇ. ಅತ್ತೆಯನ್ನು ನಾನೂ ಅತ್ತೆಯೆಂದೇ ಕರೆಯುತ್ತೇನೆ.

ಅಕ್ಕನ ಬಸಿರು ಮೂರು ತಿಂಗಳು ತುಂಬಿ ನಾಲ್ಕಕ್ಕೆ ಬೀಳುವ ಹೊತ್ತಿಗೆ ಇಳಿದು ಹೋಯಿತು. ಹೋಯಿತು ಅಂದರೆ ಪೂರ್ತಿ ಹೋಗಲಿಲ್ಲ. ಅರ್ಧ ಹೋಗಿ ಅರ್ಧ ಒಳಗೇ ನಿಂತಿತು. ರಕ್ತ ನಿಲ್ಲಲೊಲ್ಲದು. ಗಂಡ ಊರಲ್ಲಿರಲಿಲ್ಲ, ಅತ್ತೆ ನನಗೆ ಹೇಳಿ ಕಳಿಸಿದರು, ನಾನು ಲಿಲಾವು ಅರ್ಧಕ್ಕೆ ಬಿಟ್ಟು ಓಡಿದೆ. ಮೂವರೂ ಬಸ್ಸು ಹತ್ತಿ ಒಂದು ಪೇಟೆಯ ದವಾಖಾನೆಗೆ ಹೋದೆವು. ಯಾವ ಪೇಟೆ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಪೇಟೆಯವರೆಲ್ಲ ತಮ್ಮಲ್ಲಿ ಹೀಗೆ ನಡೆಯುವುದೇ ಇಲ್ಲ ಎಂಬಂತೆ ಮೀಸೆ ತಿರುವುತ್ತಾರೆ.

ಹಂಚಿನ ಮನೆಯನ್ನೇ ದವಾಖಾನೆ ಮಾಡಿದ್ದರು. ಪಡಸಾಲೆಯಲ್ಲಿ ಬೆಂಚು, ಒಳಗೆ ನಾಲ್ಕಾರು ಕಾಟು, ಹೊರಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಡಾಕ್ಟರರಿಗೆ ರೋಗಿಯ ಬದಲು ಕೈಗಡಿಯಾರ ನೋಡಿಕೊಂಡು ಮಾತಾಡುವ ರೂಢಿ. ಗರ್ಭ ತೆಗೆಸುವ ಹೊಸ ಕಾಯ್ದೆ ಬಂದ ಕಾಲ ಅದು. ಆ ಕಾಯ್ದೆಯಿಂದ ನಮ್ಮ ಕಡೆ ಆದ ಬದಲಾವಣೆ ಇಷ್ಟೇ: ತಾನಾಗಿ ಬಸಿರು ಹೋದವಳನ್ನೂ ಕಳ್ಳಿಯನ್ನು ನೋಡಿದಂತೆ ನೋಡತೊಡಗಿದರು.

“ಖರೆ ಹೇಳು. ಏನ ತಗೊಂಡಿ? ಯಾರ ಕೊಟ್ರು?”

ಅಕ್ಕ ನೆಲ ನೋಡಿದಳು. “ಏನೂ ತಗೊಂಡಿಲ್ರಿ.”

“ಬಂದಾಕಿ ಎಲ್ಲಾರೂ ಇದನ್ನ ಅಂತಾರ.”

“ದೇವರಾಣಿಗೂ ಇಲ್ರಿ ಸಾಹೇಬ್ರ,” ಅತ್ತೆ ಮುಂದೆ ಬಂದರು. “ಚೊಚ್ಚಲ ಬಸಿರ್ರಿ. ನಾ ತೊಟ್ಟಲಾ ಸೈತ ತೊಳದ ಇಟ್ಟೇನಿ.”

“ಆತ ಆತ. ಒಳಗ ಉಳದದ್ದ ತಗದು ಗರ್ಭಚೀಲಾ ಸ್ವಚ್ಛ ಮಾಡಬೇಕು. ಸಣ್ಣ ಕೆಲಸ.” ಗಡಿಯಾರ ನೋಡಿದರು. “ಒಳಗ ಕಳಸ್ರಿ.”

ಸಣ್ಣ ಕೆಲಸದ ಕೋಣೆಗೆ ಬಾಗಿಲಿರಲಿಲ್ಲ, ಹಸಿರು ಪರದೆ ಇತ್ತು. ಪರದೆಯ ಈಚೆ ಬೆಂಚಿನ ತುದಿಯಲ್ಲಿ ನಾನು, ಪಕ್ಕದಲ್ಲಿ ಅತ್ತೆ. ಒಳಗಿನಿಂದ ನರ್ಸಬಾಯಿಯ ದನಿ ಕೇಳಿಸಿತು.

“ನೋವಿಗೆ ಸೂಜಿ ಬೇಕೇನವಾ?”

“ಬ್ಯಾಡ್ರಿ,” ಅಂದಳು ಅಕ್ಕ.

ಆ ‘ಬ್ಯಾಡ್ರಿ’ ನನಗೆ ಹುಟ್ಟಿದಾಗಿನಿಂದ ಗೊತ್ತು. ಬೀಗರ ಮನೆಯಲ್ಲಿ ಎರಡನೇ ಹೋಳಿಗೆ ಹಾಕಲು ಬಂದಾಗ ಅಕ್ಕ ಎಲೆಯ ಮೇಲೆ ಕೈ ಅಡ್ಡ ಹಿಡಿದು ಅನ್ನುತ್ತಾಳಲ್ಲ, ಅದೇ. ಬೆರಳುಗಳ ನಡುವೆ ಹೋಳಿಗೆ ಜಾರುವಷ್ಟು ಸಂದಿ ಬಿಟ್ಟೇ ಇರುತ್ತಾಳೆ. ನಾನು ಪರದೆಯ ಕಡೆ ಕಿವಿ ಕೊಟ್ಟು ಎರಡನೇ ಸಲ ಕೇಳುವುದಕ್ಕೆ ಕಾಯುತ್ತ ಕುಳಿತೆ. ನರ್ಸಬಾಯಿ ಹೊರಗಿನವಳಲ್ಲ, ಮಾತು ಕೇಳಿದರೆ ಸವದತ್ತಿಯ ಕಡೆಯವಳು; ಅವಳ ಮನೆಗೆ ಹೋದವರಿಗೆ ಚುರುಮುರಿ ಕೊಟ್ಟರೆ ಇನ್ನೆರಡು ಹಿಡಿ ಸುರಿಯದೆ ಬಿಡುವವಳಲ್ಲ. ಆದರೆ ಅವಳು ಇನ್ನೊಮ್ಮೆ ಕೇಳಲಿಲ್ಲ.

“ಬ್ಯಾಡಂತ್ರಿ ಸಾಹೇಬ್ರ.”

“ಛಲೋ ಆತು.”

ತಾಟಿನಲ್ಲಿ ಉಕ್ಕಿನ ಸಾಮಾನು ಸದ್ದು ಮಾಡಿತು. ನಾನು ಎದ್ದೆ. ಅತ್ತೆ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದರು. “ಎಲ್ಲಿ ಹೊಂಟಿ? ಹೆಣ್ಮಕ್ಕಳ ಖೋಲಿ ಅದು. ಕುಂದರು.”

ಒಳಗಿನಿಂದ ಸಾಮಾನಿನ ಸದ್ದು, ಡಾಕ್ಟರರ ‘ಕಾಲ ಬಿಗೀ ಹಿಡೀಬ್ಯಾಡ, ಸಡ್ಲ ಬಿಡು’, ಮತ್ತೆ ಸಾಮಾನಿನ ಸದ್ದು. ಅಕ್ಕನದು ಏನೂ ಇಲ್ಲ. ಇಷ್ಟು ಹೊತ್ತೆಂದು ಹೇಳಲಾರೆ. ಆ ಹೊತ್ತಿನಲ್ಲಿ ಅತ್ತೆ ಬಾಯೊಳಗೇ ಯಾವ ಯಾವ ದೇವರಿಗೋ ಹರಕೆ ಹೊತ್ತರು, ನಾನು ಬೆಂಚಿನ ತುದಿಯ ಸಿಬಿರು ಕೀಳುತ್ತ ಬೆರಳು ರಕ್ತ ಮಾಡಿಕೊಂಡೆ.

ಅಕ್ಕ ಹೊರಗೆ ಬಂದಾಗ ಮುಖ ಸುಣ್ಣದ ಗೋಡೆಯಾಗಿತ್ತು. ಸೆರಗಿನ ತುದಿ ಎಂಜಲಿನಿಂದ ತೋಯ್ದು ಹಲ್ಲಿಗೆ ಸಿಕ್ಕು ಹರಿದಿತ್ತು. ಅತ್ತೆಯ ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ ಹೆಮ್ಮೆ: “ಒಂದ ಸಪ್ಪಳ ಮಾಡ್ಲಿಲ್ಲ ನೋಡ ನಮ್ಮ ಸೊಸಿ.” ಡಾಕ್ಟರರು ಕೈ ಒರೆಸಿಕೊಳ್ಳುತ್ತ ಬೆಂಚಿನ ಮೇಲಿದ್ದ ಹೆಂಗಸರನ್ನು ಉದ್ದೇಶಿಸಿ ಭಾಷಣ ಮಾಡಿದರು.

“ಹೆಣ್ಮಕ್ಕಳಂದ್ರ ಹಿಂಗಿರಬೇಕ ನೋಡ್ರಿ. ಮೊನ್ನೆ ಒಬ್ಬಾಕಿ ಬಂದಿದ್ಲು, ಇಡೀ ಓಣಿಗೆ ಕೇಳೂಹಂಗ ಒದರಿದ್ಲು.”

“ಆಕಿಗೆ ಸೂಜಿ ಕೊಟ್ರೇನ್ರಿ?” ನಾನು ಕೇಳಿದೆ.

“ಆಕಿಗ್ಯಾಕ? ಎರಡ ಬೈದೆ. ಸುಮ್ಮನಾದ್ಲು.”

ಅಂದರೆ ಒದರದವಳಿಗೆ ನೋವಿಲ್ಲ, ಒದರಿದವಳದು ನಾಟಕ. ಎರಡೂ ಕಡೆಯ ಬಾಗಿಲು ಹಾಕಿದ ಮೇಲೆ ಆ ಸೂಜಿ ಯಾವ ಹೆಂಗಸಿನ ಹತ್ತಿರ ಹೋಗುತ್ತದೆ? ಕಪಾಟಿನಲ್ಲಿ ಕುಳಿತು ತಾನೇ ನಿದ್ದೆ ಮಾಡುತ್ತದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅಕ್ಕನನ್ನು ಕೂರಿಸಿದೆ. ತಗ್ಗು ಬಂದಾಗೆಲ್ಲ ಅವಳು ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದು ಮೈಯನ್ನು ಮೇಲೆತ್ತುತ್ತಿದ್ದಳು. ಊರು ಕಂಡಿತು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ ಅಂದಳು:

“ಇನ್ನೊಮ್ಮೆ ಕೇಳ್ತಾರಂತ ಮಾಡಿದ್ದೆ.”

ಲಿಲಾವಿನಲ್ಲಿ ಒಂದು ಹತ್ತಿ ಗಾಡಿಯನ್ನು ಕೂಡ ಒಂದೇ ಕೂಗಿಗೆ ಬಿಟ್ಟುಕೊಡುವುದಿಲ್ಲ ನಾವು. ಒಂದು ಸಲ, ಎರಡು ಸಲ, ಇನ್ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿ, ಮೂರನೇ ಸಲ. ನನ್ನ ಹೊಟ್ಟೆಪಾಡೇ ಅದು. ನನ್ನ ಅಕ್ಕನಿಗೆ ಆ ಹತ್ತಿಗಾಡಿಯ ಮರ್ಯಾದೆಯೂ ಸಿಗಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಬಹುಶಃ ನಾನು ಡಾಕ್ಟರರ ‘ಛಲೋ ಆತು’ವನ್ನು ಪೇಟೆಯ ತುಂಬ ಅಣಕಿಸಿ ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ. ಕೆಲವು ದಿನಗಳಾದ ಮೇಲೆ ಯರಗಟ್ಟಿಯ ಬಸ್ಸಿನ ಕಂಡಕ್ಟರ ಪೇಟೆಯ ಬಾಗಿಲಲ್ಲಿ ನನ್ನನ್ನು ಹುಡುಕಿಕೊಂಡು ಬಂದ. “ನಿಮ್ಮಕ್ಕಗ ಮತ್ತ ಹೆಚ್ಚ ಆಗೇತಂತ. ಅವರತ್ತಿ ಲಗೂನ ಬಾ ಅಂದಾರ.” ಬಾಯಿಗೆ ಬಂದ ಅವನ ಅಣಕವನ್ನು ಅಲ್ಲಿಯೇ ನುಂಗಿ ಅವನದೇ ಬಸ್ಸು ಹತ್ತಿದೆ.

ಅಕ್ಕ ಕಂಬಳಿಯೊಳಗೆ ಬಿಸಿಲಿಗೆ ಕಾದ ಹಂಚಿನಂತಿದ್ದಳು. ರಕ್ತ ನಿಂತಿರಲಿಲ್ಲ. ಅತ್ತೆ ಊದುಬತ್ತಿ ಹಚ್ಚಿಟ್ಟಿದ್ದರು. ಯಾಕೆಂದು ಒಳಗೆ ಕಾಲಿಟ್ಟ ಕೂಡಲೇ ವಾಸನೆಯಿಂದ ತಿಳಿಯಿತು. ಅಷ್ಟು ಕೆರೆದರೂ ಒಳಗೆ ಏನೋ ಉಳಿದಿತ್ತು, ಕೆಡುತ್ತಿತ್ತು. ಅಕ್ಕನನ್ನು ನಗಿಸೋಣವೆಂದು ಕಂಡಕ್ಟರನ ದನಿ ತೆಗೆದು “ಯಾರ್ರಿ ದವಾಖಾನಿ, ದವಾಖಾನಿ, ಮುಂದ ಬರ್ರಿ” ಅಂದೆ. ಅವಳು ನಗಲಿಲ್ಲ.

“ನಾ ಅಲ್ಲಿ ಬರೂದಿಲ್ಲ.”

“ಅಕ್ಕಾ, ಹಂಗ ಬಿಟ್ರ ವಿಷಾ ಮೈಯಾಗ ಏರತೈತಿ.”

“ಏರ್ಲಿ. ಸಾಯ್ತೇನಿ. ಅಲ್ಲಿ ಬರೂದಿಲ್ಲ.”

ಅತ್ತೆ ಒಲೆಯ ಕಡೆಯಿಂದ ಎದ್ದು ಬಂದರು. “ಏನ ಮಾತಂತ ಆಡ್ತಿಯವಾ? ನಾ ಆರ ಹಡದೇನಿ, ಅದೂ ದನದ ಕೊಟಗ್ಯಾಗ. ಯಾವ ಸೂಜಿ, ಯಾವ ದಾರ? ಹೆಂಗಸಂದ ಮ್ಯಾಲೆ ತಡಕೋಬೇಕು.”

“ಅತ್ತಿ, ನೀವ ಹಡದಾಗ ಕೂಸ ಕೈಯಾಗ ಬಂತಲ್ರಿ.”

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಕೆಟ್ಟವರಲ್ಲ ಅವರು. ಅವರ ಆರು ಹೆರಿಗೆಯಲ್ಲಿಯೂ ‘ನೋವೈತೇನು’ ಎಂದು ಕೇಳಿದವರು ಯಾರೂ ಇರಲಿಲ್ಲ. ಕೇಳದೇ ಇದ್ದದ್ದನ್ನೇ ಧೈರ್ಯವೆಂದು ಹೆಸರಿಟ್ಟು ಸೊಸೆಗೆ ಉಡಿ ತುಂಬಿದ್ದರು. ಅವರ ಮೇಲೂ ನನಗೆ ಸಿಟ್ಟು ಬಂತು. ಆ ಕೊಟ್ಟಿಗೆಯಲ್ಲಿ ಅವರನ್ನು ಒಂಟಿಯಾಗಿ ಬಿಟ್ಟವರ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಅಕ್ಕ ನನ್ನ ಕೈ ಹಿಡಿದಳು. ಅವಳ ಬೆರಳು ಸುಡುತ್ತಿದ್ದವು. “ತಳಾ ಹೊತ್ತಿದ ಗಡಗೀನ ಚಮಚಾಲೆ ಕೆರೀತಾರಲ್ಲ, ಹಂಗ ಕೆರದ್ರೋ ತಮ್ಮಾ. ಗಡಗ್ಯಾಗ ನಾ ಅದೇನಿ ಅನ್ನೂದು ಅವರಿಗೆ ಖಬರನ ಇರ್ಲಿಲ್ಲ. ಮಾರಿ ಕಡೆ ಒಮ್ಮೆನೂ ನೋಡ್ಲಿಲ್ಲ.” ಸ್ವಲ್ಪ ಉಸಿರು ತಗೊಂಡಳು. “ನನಗ ಖಬರ ಇರಲಾರದಂಗ ಮಾಡ್ತಾರಂದ್ರ ಬರ್ತೇನಿ. ಮಂಪರಾ ಕೊಡ್ಲಿ, ಮತ್ತೇನರ ಕೊಡ್ಲಿ. ನೀ ಹೋಗಿ ಕೇಳ್ಕೊಂಡ ಬಾ. ಬರೇ ಹೂಂ ಅಂದ್ರ ಆಗೂದಿಲ್ಲ, ಗಟ್ಟಿ ಮಾತ ತಗೊಂಡ ಬಾ.”

ಧಾರವಾಡಕ್ಕೆ ಒಯ್ಯೋಣವೆಂದರೆ ಅಷ್ಟು ದೂರದ ಬಸ್ಸಿನಲ್ಲಿ ಅವಳು ಕೂರುವ ಹಾಗಿರಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಮೊದಲ ಬಸ್ಸಿಗೆ ಅದೇ ದವಾಖಾನೆಗೆ ಹೋದೆ.

ಬೆಂಚು ಆಗಲೇ ತುಂಬಿತ್ತು. ಡಾಕ್ಟರರು ಮೇಜಿನ ಹಿಂದೆ ಕುಳಿತಿದ್ದರು. ನಾನು ಕೈ ಮುಗಿದೆ, ಇದ್ದ ವಿಷಯ ಹೇಳಿದೆ. ಜ್ವರವೆಂದಾಗ ಮುಖ ಎತ್ತಿದರು. “ಮತ್ತ ಯಾಕ ಕರಕೊಂಡ ಬಂದಿಲ್ಲ? ಇನ್ನೊಮ್ಮೆ ಸ್ವಚ್ಛ ಮಾಡಬೇಕಾಗತೈತಿ.”

“ಮಂಪರಾ ಕೊಟ್ಟ ಮಾಡಿದ್ರ ಬರ್ತಾಳಂತ್ರಿ.”

“ಮಂಪರಾ? ಇದಕ್ಕ?” ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಅದೆಲ್ಲಾ ದೊಡ್ಡ ಆಪರೇಶನ್ನಿಗೆ. ಹೊಟ್ಟಿ ಖಾಲಿ ಇಟ್ಕೊಂಡ ಬರಬೇಕು, ಉಸರಾಟ ನೋಡ್ಕೋತ ಬ್ಯಾರೆ ಒಬ್ಬರ ನಿಂದರಬೇಕು, ಎಚ್ಚರಾಗೂತನಾ ಕಾಟ ಹಿಡದ ಮಲಗಬೇಕು. ಯಾರ ಕಾಯ್ತಾರ ಅಲ್ಲಿತನಾ?”

“ನಾ ಕಾಯ್ತೇನ್ರಿ.”

“ಮತ್ತ ಆಕಿನ ಬ್ಯಾಡ ಅಂದಾಳಲ್ಲೋ! ಕೇಳಿದ್ವಿ, ಬ್ಯಾಡ ಅಂದ್ಲು. ಒತ್ತಾಯಾ ಮಾಡಾಕ ನಾವೇನ ನಿಮಗ ಬೀಗರೇನು?”

ಅಷ್ಟರಲ್ಲಿ ಚಹಾ ಬಂತು. ಬೆಂಚಿನ ಮೇಲಿದ್ದ ರುಮಾಲಿನ ಗೌಡರೊಬ್ಬರು ಎದುರಿನ ಹೋಟೆಲಿನಿಂದ ಡಾಕ್ಟರರಿಗೆಂದು ತರಿಸಿದ್ದು. ಕಪ್ಪು ಬಶಿ ಮೇಜಿನ ಮೇಲೆ ಬಂದು ಕುಳಿತಿತು, ಹಬೆ ಏಳುತ್ತಿತ್ತು, ಏಲಕ್ಕಿಯ ವಾಸನೆ ಬರುತ್ತಿತ್ತು.

“ತಗೋರಿ ಸಾಹೇಬ್ರ,” ಅಂದರು ಗೌಡರು.

“ಛೇ ಛೇ, ಬ್ಯಾಡ್ರಿ ಗೌಡ್ರ. ಈಗರೆ ಆಗೇತಿ.”

ನಾನು ಯೋಚಿಸಿ ಮಾಡಿದ್ದಲ್ಲ. ಕೈ ತಾನೇ ಹೋಯಿತು. ಕಪ್ಪು ಬಶಿ ಎತ್ತಿ ಬೆಂಚಿನ ತುದಿಯಲ್ಲಿ ಕೆಮ್ಮುತ್ತ ಕುಳಿತಿದ್ದ ಮುದುಕನ ಕೈಗೆ ಕೊಟ್ಟೆ. “ಕುಡೀ ಅಜ್ಜಾ. ಸಾಹೇಬ್ರಿಗೆ ಬ್ಯಾಡಂತ.” ಅಜ್ಜ ನಮ್ಮ ಕಡೆಯ ರೀತಿ ರಿವಾಜುಗಳನ್ನೆಲ್ಲ ಮರೆತವನು. ಒಂದು ಸಲವೂ ಬ್ಯಾಡ ಅನ್ನದೆ ಬಶಿಗೆ ಸುರಿದುಕೊಂಡು ಸುರ್ರೆಂದು ಎಳೆದ.

“ಏ ಹುಚ್ಚಪ್ಯಾಲಿ!” ಗೌಡರು ಗದರಿದರು. “ಅವರ ಬಾಯಾಗ ಬ್ಯಾಡ ಅಂದ್ರ ಬ್ಯಾಡ ಅಂದಂಗೇನು?”

ಡಾಕ್ಟರರ ದನಿ ನನ್ನ ಗಂಟಲಿಗೆ ಬಂದು ಕುಳಿತಿತ್ತು. ಕುರ್ಚಿಯಿಲ್ಲದೆಯೇ ಹಿಂದಕ್ಕೆ ಒರಗಿದೆ, ಗಡಿಯಾರವಿಲ್ಲದ ಕೈಯನ್ನು ತಿರುಗಿಸಿ ನೋಡಿಕೊಂಡೆ. “ಕೇಳಿದ್ರಿ, ಬ್ಯಾಡ ಅಂದ್ರು. ಒತ್ತಾಯಾ ಮಾಡಾಕ ನೀವೇನ ಬೀಗರೇನು ಗೌಡ್ರ? ಛಲೋ ಆತು!”

ಬೆಂಚು ನಕ್ಕಿತು. ಅಜ್ಜನಿಗೆ ನಗುವೂ ಕೆಮ್ಮೂ ಚಹಾವೂ ಕೂಡಿ ಬಂದವು. ಡಾಕ್ಟರರ ಕಿವಿ ಕೆಂಪಾಯಿತು. ಮೇಜು ಗುದ್ದಿ ಎದ್ದರು.

“ಹೊರಗ ನಡಿ! ಮಂಗ್ಯಾನ ಆಟಾ ಆಡಾಕ ಬಂದೀ ಇಲ್ಲಿ?”

“ಹೋಗ್ತೇನ್ರಿ,” ಅಂದೆ. ಅದು ನನ್ನದೇ ದನಿ. ಅಷ್ಟು ದಿನ ಊರವರೆಲ್ಲರ ದನಿ ತೆಗೆದವನಿಗೆ ತನ್ನ ದನಿ ಹೀಗೆ ನಡುಗುತ್ತದೆಂದು ಗೊತ್ತಿರಲಿಲ್ಲ. “ಚಾಕ್ಕ ಮೂರ ಸಲ ಕೇಳಿಸ್ಕೋತೀರಿ. ನಮ್ಮಕ್ಕಗ ಒಮ್ಮೆ ಕೇಳಿ ಕೆರದ್ರಿ. ಈಗ ಆಕಿ ಸಾಯ್ತೇನಿ, ಅಲ್ಲಿ ಬರೂದಿಲ್ಲ ಅಂತಾಳ. ಸತ್ಲಂದ್ರ ಅದನ್ನೂ ಆಕಿನ ಬ್ಯಾಡ ಅಂದ್ಲು ಅಂತ ಹೇಳ್ತೀರೇನು?”

ಬೆಂಚಿನ ನಗು ನಿಂತಿತು. ಮೂಲೆಯಲ್ಲಿ ಮೊಣಕಾಲು ಮಡಚಿ ಕುಳಿತಿದ್ದ ಒಬ್ಬ ಹೆಂಗಸು, ಮುಖದ ಮೇಲಿನ ಸೆರಗು ಸರಿಸದೆಯೇ, “ಕೊಡ್ರಲ್ಲಾ ಸಾಹೇಬ್ರ,” ಅಂದಳು. ಗೌಡರು ತಮ್ಮ ರುಮಾಲು ಸರಿ ಮಾಡಿಕೊಂಡು, “ಕೊಡ್ರಿ ಪಾಪ, ನಿಮ್ಮ ಕೈಯಾಗಿಂದ ಐತಿ,” ಅಂದರು.

ಡಾಕ್ಟರರು ಕುಳಿತರು. ಗಡಿಯಾರ ನೋಡಿದರು. ನನ್ನ ಮಾತು ಅವರ ಮನಸ್ಸಿಗೆ ನಾಟಿತೆಂದು ನಾನು ನಂಬಿಲ್ಲ. ಬೆಂಚಿನ ಮುಂದೆ ಮರ್ಯಾದೆ ಉಳಿಯಬೇಕಿತ್ತು, ನಾನು ಅಲ್ಲಿಂದ ತೊಲಗಬೇಕಿತ್ತು. “ಲಗೂನ ಹೋಗಿ ಕರಕೊಂಡ ಬಾ. ಮುಂಜಾನಿಂದ ಏನೂ ತಿಂದಿರಬಾರದು, ಹಾಲೂ ಕುಡಿಸಬ್ಯಾಡ್ರಿ. ತಿನ್ನಿಸಿದ್ರಿ ಅಂದ್ರ ಮಂಪರಾ ಕೊಡೂದಿಲ್ಲ, ವಾಂತಿ ಶ್ವಾಸಕ್ಕ ಹೋಗತೈತಿ. ನಾ ಮೊದಲ ಹೇಳೇನಿ.”

“ಕೊಡ್ತೇನಿ ಅಂತ ಗಟ್ಟಿ ಮಾತ ಹೇಳ್ರಿ.”

“ಕೊಡ್ತೇನಿ. ನಡೀ ಈಗ.”

ಯರಗಟ್ಟಿಯಲ್ಲಿ ಅಕ್ಕ ಸೀರೆ ಉಟ್ಟುಕೊಳ್ಳುವಷ್ಟರಲ್ಲಿ ಅತ್ತೆ ಹಾಲು ಕಾಸಿ ಬೆಲ್ಲ ಹಾಕಿ ಲೋಟ ತುಂಬಿ ನಿಂತಿದ್ದರು. ಖಾಲಿ ಹೊಟ್ಟೆಯಲ್ಲಿ ಸೊಸೆಯನ್ನು ಹೊಸ್ತಿಲು ದಾಟಿಸುವುದು ಅವರಿಂದ ಆಗದ ಕೆಲಸ. ಡಾಕ್ಟರರು ಬೇಡ ಅಂದಿದ್ದಾರೆಂದು ನಾನು ಹೇಳಿದ್ದು ಅವರ ಕಿವಿಗೆ ಎಲ್ಲ ‘ಬ್ಯಾಡ’ಗಳ ಹಾಗೆಯೇ ಕೇಳಿಸಿತ್ತು.

“ಒಂದ ಗುಟುಕ ಕುಡಿಯವಾ.”

“ಬ್ಯಾಡ್ರಿ ಅತ್ತಿ.”

“ಜ್ವರದಾಗ ನಿತ್ರಾಣಾಗೀದಿ. ಬಾಯಿ ತೊಯ್ಯೂವಷ್ಟ.”

“ಬ್ಯಾಡ್ರಿ.”

“ಹಂಗಂದ್ರ ಹ್ಯಾಂಗ? ನನ್ನ ಸಮಾಧಾನಕ್ಕರ ಕುಡಿ.” ಲೋಟ ತುಟಿಯ ಹತ್ತಿರ ಬಂತು. ಇದು ಮೂರನೇ ಸಲ. ಇಲ್ಲಿ ಬಾಯಿ ತೆರೆಯುವುದು ನಮ್ಮ ಮೈಗೆ ಅಂಟಿದ ಚಟ. ಆ ಒಂದು ಗುಟುಕು ಒಳಗೆ ಹೋಯಿತೆಂದರೆ ಮತ್ತೆ ಖಬರಿದ್ದುಕೊಂಡೇ ಕೆರೆಸಿಕೊಳ್ಳಬೇಕು, ಇಲ್ಲ ಹಾಗೆಯೇ ಸಾಯಬೇಕು.

“ಅತ್ತಿ!” ಅಂದಳು ಅಕ್ಕ. ಆ ಮನೆಗೆ ಬಂದಾಗಿನಿಂದ ಅಷ್ಟು ಜೋರಾಗಿ ಮಾತಾಡಿದವಳಲ್ಲ. “ಬ್ಯಾಡ ಅಂದ್ರ ಬ್ಯಾಡ್ರಿ!”

ಹಾಲು ತುಳುಕಿ ಅತ್ತೆಯ ಕೈ ಮೇಲೆ ಬಿತ್ತು. ಅವರು ಸೊಸೆಯನ್ನು ನೋಡಿದರು, ನನ್ನನ್ನು ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ. ಲೋಟವನ್ನು ಕಿಟಕಿಯಲ್ಲಿಟ್ಟು ಕಂಬಳಿ ತಂದು ಅಕ್ಕನ ಹೆಗಲಿಗೆ ಹೊದಿಸಿದರು. “ನಡೀರಿ. ನಾನೂ ಬರ್ತೇನಿ.”

ದವಾಖಾನೆಯಲ್ಲಿ ಎಲ್ಲ ತಯಾರಿತ್ತು. ಏನು ತಯಾರು? ಉಸಿರಾಟ ನೋಡುತ್ತ ನಿಲ್ಲುವ ಆ ಬೇರೆ ಒಬ್ಬರು ಅಂದರೆ ಪಕ್ಕದ ಓಣಿಯ ಇನ್ನೊಬ್ಬ ಡಾಕ್ಟರರು. ಕರೆ ಹೋದ ಮೇಲೆ ಕೈ ಬೀಸಿಕೊಂಡು ನಡೆದೇ ಬಂದರು, ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಮಲಗಲಿಕ್ಕೆ ಕಾಟು ಅಂದರೆ ಕಿಟಕಿಯ ಪಕ್ಕ ಖಾಲಿ ಬಿದ್ದಿದ್ದ ಕಾಟು. ಔಷಧಿ ಗಾಜಿನ ಕಪಾಟಿನಿಂದ ಬಂತು. ಬೆಳಗಾವಿಯಿಂದ ಬರಲಿಲ್ಲ, ಮುಂಬಯಿಯಿಂದ ಬರಲಿಲ್ಲ. ಆಗದ ಕೆಲಸವೆಂದು ಹೇಳಿದ್ದೆಲ್ಲ ಒಂದು ಕೂಗಿನ ಅಳತೆಯಲ್ಲಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಬಾಗಿಲಲ್ಲಿದ್ದ ಆ ಚಪ್ಪಲಿಗಳನ್ನು ನೋಡುತ್ತ ನಿಂತುಬಿಟ್ಟೆ.

ಹಸಿರು ಪರದೆ ಸರಿಯಿತು. ಮೊದಲು ಜ್ವರದ ಸೂಜಿ, ಸಲಾಯಿನ. ಆಮೇಲೆ ನರ್ಸಬಾಯಿ, “ನೋವಿನ ಸೂಜಿ, ಮಂಪರಿನ ಸೂಜಿ ಎರಡೂ…” ಅನ್ನುವುದರೊಳಗೆ ಅಕ್ಕ “ಹೂಂ ರಿ, ಮಾಡ್ರಿ,” ಅಂದಳು.

ನಾನು ಈಚೆ ಕುಳಿತೆ. ಸಾಮಾನಿನ ಸದ್ದು ಕೇಳಿಸಿತು. ಹಲ್ಲು ಕಚ್ಚಿದೆ. ಅದರ ಹಿಂದೆಯೇ ಇನ್ನೊಂದು ಸದ್ದು ಕೇಳಿಸಿತು, ಮೊದಲು ಗುರುತು ಹತ್ತಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಅಕ್ಕ ಗೊರಕೆ ಹೊಡೆಯುತ್ತಿದ್ದಳು. ಕಟ್ಟಿಗೆ ಕೊಯ್ಯುವಂಥ, ಏರಿ ಇಳಿಯುವ, ಹೊಟ್ಟೆ ತುಂಬ ಉಂಡವರ ಗೊರಕೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಲೇ ಅತ್ತರು. “ಖಬರ ಇಲ್ಲೋ ತಮ್ಮಾ ಆಕಿಗೆ,” ಅಂದರು. “ಏನೂ ಗೊತ್ತಾಗವಲ್ದು.” ಆಮೇಲೆ ತಮ್ಮಷ್ಟಕ್ಕೇ, “ಹಿಂಗೂ ಮಾಡಾಕ ಬರತೈತೇನು,” ಅಂದರು.

ಡಾಕ್ಟರರು ಹೊರಗೆ ಬಂದು ಕೈ ಒರೆಸಿಕೊಂಡರು. “ಎಲ್ಲಾ ಬಂತು. ಈ ಸಲ ಸರಳ ಆತು. ಮೈ ಸಡ್ಲ ಇತ್ತಲ್ಲ, ಪೂರ್ತಿ ಸ್ವಚ್ಛ ಮಾಡಾಕ ಬಂತು.” ಇಷ್ಟನ್ನು ಅವರು ಸಂತೋಷದಿಂದ ಹೇಳಿದರು. ಮೊದಲ ಸಲ ಒಳಗೆ ಉಳಿದದ್ದು ಯಾಕೆ ಉಳಿಯಿತೆಂದು ತಾವೇ ಹೇಳಿಬಿಟ್ಟದ್ದು ಅವರಿಗೆ ತಿಳಿಯಲಿಲ್ಲ.

ಅಕ್ಕನನ್ನು ಕಿಟಕಿಯ ಪಕ್ಕದ ಕಾಟಿಗೆ ತಂದರು. ಬಿಸಿಲು ಇಳಿಯತೊಡಗಿದಾಗ ಕಣ್ಣು ಬಿಟ್ಟಳು. ನಾಲಗೆ ಇನ್ನೂ ತೊದಲುತ್ತಿತ್ತು.

“ಯಾವಾಗ ಸುರು ಮಾಡ್ತಾರೋ?”

“ಮುಗೀತಲ್ಲ ಅಕ್ಕಾ.”

“ಸುಳ್ಳ ಹೇಳಬ್ಯಾಡ, ಮಂಗ್ಯಾ.”

“ಮುಗದೈತೆವಾ,” ಅಂದರು ಅತ್ತೆ. “ಆಗಲೇ ಮುಗೀತು.”

ಅಕ್ಕ ಕಂಬಳಿಯೊಳಗೆ ಕೈ ಒಯ್ದು ಹೊಟ್ಟೆ ಮುಟ್ಟಿ ನೋಡಿಕೊಂಡಳು. ನಾನು ಅವಳು ನಗುತ್ತಾಳೆಂದು, ನನಗೆ ಶಾಭಾಸ್ ಅನ್ನುತ್ತಾಳೆಂದು ಹಲ್ಲು ಕಿರಿದುಕೊಂಡು ಕಾಯುತ್ತಿದ್ದೆ. ಅವಳ ಮುಖ ನಿಧಾನವಾಗಿ ಬಿಗಿಯತೊಡಗಿತು. ಅತ್ತ ಕಡೆ ಕಪಾಟು ಕಾಣುತ್ತಿತ್ತು. ಅದರ ಮೇಲೆಯೇ ಕಣ್ಣು ನೆಟ್ಟಳು. ಮಂಪರು ಪೂರ್ತಿ ಇಳಿದ ಮೇಲೆ ಡಾಕ್ಟರರು ನಾಡಿ ನೋಡಲು ಬಂದು ಕೈ ಹಿಡಿದರು.

“ಸಾಹೇಬ್ರ, ಈ ಸೂಜಿ ಅವತ್ತೂ ಆ ಕಪಾಟಿನ್ಯಾಗ ಇತ್ತೇನ್ರಿ?”

ಡಾಕ್ಟರರು ಗಡಿಯಾರದ ಮೇಲಿಂದ ಕಣ್ಣು ತೆಗೆಯಲಿಲ್ಲ. “ಇತ್ತು. ನೀನ ಬ್ಯಾಡ…”

“ನಾ ಬ್ಯಾಡ ಅಂದೆ, ಖರೆ. ಆಮ್ಯಾಲೆ ಸೆರಗ ಕಚ್ಚಿ ಹರದ್ನಲ್ರಿ, ಅದನ್ನ ನೋಡಿದ್ರೋ ಇಲ್ಲೋ?”

ಪಕ್ಕದ ಕಾಟಿನವಳು ಮಗ್ಗುಲು ತಿರುಗಿದಳು. ನರ್ಸಬಾಯಿ ಸಲಾಯಿನದ ಬಾಟ್ಲಿಯ ಕಡೆ ಮುಖ ಮಾಡಿ ನಿಂತಳು. ಡಾಕ್ಟರರು ಅಕ್ಕನ ಕೈಯನ್ನು ಕಂಬಳಿಯ ಮೇಲಿಟ್ಟು, “ನಾಡಿ ಛಲೋ ಐತಿ. ಸಂಜಿಗೆ ಹೋಗಬಹುದು, ಗುಳಿಗಿ ತಪ್ಪಿಸಬ್ಯಾಡ,” ಅಂದು ಮುಂದಿನ ಕಾಟಿಗೆ ಹೋದರು.

ಹೊರಡುವಾಗ ಅವರು ಪಡಸಾಲೆಯ ಮೇಜಿನ ಹಿಂದಿದ್ದರು. ವಾಸಿಯಾಗಿ ಹೋಗುವವರು ಡಾಕ್ಟರರ ಕಾಲಿಗೆ ಬಿದ್ದು ಹೋಗುವುದು ನಮ್ಮ ಕಡೆಯ ಪದ್ಧತಿ. ಅವರೂ ಆ ಹೊತ್ತಿಗೆ ಕಾಲನ್ನು ಮೇಜಿನ ಆಚೆ ಸ್ವಲ್ಪ ಮುಂದೆ ಚಾಚಿ ಇಡುತ್ತಾರೆ. ಅತ್ತೆ ರೂಢಿಯಂತೆ ಅಕ್ಕನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿದರು. “ನಮಸ್ಕಾರ ಮಾಡವಾ.”

ಅಕ್ಕ ಅಲುಗಲಿಲ್ಲ. ಕಂಬಳಿಯನ್ನು ಎರಡೂ ಕೈಯಿಂದ ಎದೆಗೆ ಬಿಗಿ ಹಿಡಿದಳು. ಚಾಚಿದ ಕಾಲನ್ನು ನೋಡಿದಳು, ಮುಖವನ್ನು ನೋಡಿದಳು. ಅತ್ತೆ ಇನ್ನೊಮ್ಮೆ ತಳ್ಳಲಿಲ್ಲ. ಡಾಕ್ಟರರು ಕಾಲು ಒಳಗೆ ಎಳೆದುಕೊಂಡರು.

“ನಡೀರಿ ಅತ್ತಿ,” ಅಂದಳು ಅಕ್ಕ. “ಬಸ್ಸ ಹೋಗತೈತಿ.”